ಮದರ್‌ಬೋರ್ಡ್ ಹೋಗಿದೆ ಅಂದರೆ ತಕ್ಷಣ ನಂಬಬೇಡಿ: ಮನೆಯ ಪಿಎಸ್4 ಕೈಕೊಟ್ಟಾಗ ಏನು ಮಾಡಬೇಕು

ಕಳೆದ ಮಳೆಗಾಲದಲ್ಲಿ ಸೊರಬದ ಕಡೆಯಿಂದ ಒಬ್ಬ ಹುಡುಗ ಬಸ್ಸಿನಲ್ಲಿ ಬಂದ. ತೊಡೆಯ ಮೇಲೆ ಬಟ್ಟೆ ಅಂಗಡಿಯ ಚೀಲ. ಒಳಗೆ ಟವೆಲ್ ಸುತ್ತಿದ ಪಿಎಸ್4 ಸ್ಲಿಮ್, ಅಂದರೆ ಟಿವಿಗೆ ಹಾಕಿ ಆಡುವ ಪ್ಲೇಸ್ಟೇಷನ್ 4 ಗೇಮ್ ಕನ್ಸೋಲಿನ ತೆಳು ಮಾಡೆಲ್. ಪೇಟೆಯ ಒಂದು ಅಂಗಡಿಯಲ್ಲಿ ನೋಡಿ, ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಹೋಗಿದೆ, ಇದಕ್ಕೆ ದುಡ್ಡು ಸುರಿಯಬೇಡಿ ಅಂದಿದ್ದರಂತೆ. ನಾನು ಚೀಲದಿಂದ ತೆಗೆದು, ನನ್ನ ಟೇಬಲ್ ಮೇಲಿನ ಟಿವಿಗೆ ನನ್ನದೇ ಕೇಬಲ್ ಹಾಕಿ ಬಟನ್ ಒತ್ತಿದೆ. ಬೀಪ್ ಅಂತು. ಬಿಳಿ ಲೈಟ್ ಬಂತು. ಚಿತ್ರವೂ ಬಂತು.

ಕೆಟ್ಟಿದ್ದು ಕನ್ಸೋಲ್ ಅಲ್ಲ. ಅವರ ಮನೆಯ ಟಿವಿಯಲ್ಲಿ ಒಂದನೇ ನಂಬರಿನ ಎಚ್‌ಡಿಎಂಐ ಪೋರ್ಟ್ (ಚಿತ್ರ, ಸದ್ದು ತರುವ ಕೇಬಲ್ ಹಾಕುವ ತೂತು) ಸತ್ತಿತ್ತು. ಎರಡನೇದಕ್ಕೆ ಹಾಕಿದರೆ ಸರಿಯಾಗಿಯೇ ಓಡುತ್ತಿತ್ತು. ಆ ಹುಡುಗ ಎರಡು ತಿಂಗಳು ಆಡದೆ ಕೂತಿದ್ದ. ಅವನ ಅಪ್ಪ ಅಡಿಕೆ ದುಡ್ಡಿನಲ್ಲಿ ಕೊಡಿಸಿದ್ದು ಅದು. ನನಗೆ ಅವತ್ತು ನಿಜವಾಗಿ ಬೇಜಾರಾಯಿತು. ಇದನ್ನು ಬರೆಯುತ್ತಿರುವುದು ಅದಕ್ಕೇ.

ನಾನು ಸಾಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿ ಮಾಡುತ್ತೇನೆ. ಮೊದಲು ಮೊಬೈಲ್ ಮಾತ್ರ ನೋಡುತ್ತಿದ್ದೆ, ಆಮೇಲೆ ಗೇಮ್ ಕನ್ಸೋಲ್‌ಗಳೂ ಬರತೊಡಗಿದವು. ನಮ್ಮ ಕಡೆ ಬರುವುದರಲ್ಲಿ ಹೆಚ್ಚಿನವು ಪಿಎಸ್4. ಈ ಕನ್ಸೋಲ್ ಭಾರತಕ್ಕೆ ಬಂದಿದ್ದು 2014ರ ಜನವರಿಯಲ್ಲಿ, ಸ್ಲಿಮ್ ಮಾಡೆಲ್ ಹೊರಬಂದಿದ್ದು 2016ರಲ್ಲಿ. ಅಂದರೆ ಈಗ ಮನೆಗಳಲ್ಲಿ ಇರುವ ಪಿಎಸ್4ಗಳಿಗೆಲ್ಲ ವಯಸ್ಸಾಗಿದೆ. ಎಷ್ಟೋ ಎರಡನೇ ಕೈ, ಮೂರನೇ ಕೈ ದಾಟಿ ಬಂದಿವೆ. ಹಾಗಂತ ಅವೇನೂ ಮೂಲೆಗೆ ಹಾಕುವ ವಸ್ತುಗಳಲ್ಲ.

ನನ್ನ ಕ್ರಮ ಒಂದೇ. ಹೊರಗಿನಿಂದ ಒಳಕ್ಕೆ ಹೋಗಬೇಕು. ಗೋಡೆಯ ಪ್ಲಗ್ಗಿನಿಂದ ಶುರು ಮಾಡಿ, ಕೇಬಲ್, ಟಿವಿ, ಆಮೇಲೆ ಸೆಟ್ಟಿಂಗ್, ಆಮೇಲೆ ಧೂಳು, ಆಮೇಲೆ ಹಾರ್ಡ್‌ಡಿಸ್ಕ್. ಸ್ಕ್ರೂಡ್ರೈವರ್ ಹಿಡಿಯುವುದು ಕೊನೆಗೆ. ನನ್ನ ಹತ್ತಿರ ಬರುವ ಕೇಸುಗಳಲ್ಲಿ ಬೋರ್ಡ್ ತನಕ ಹೋಗಬೇಕಾಗಿ ಬರುವುದು ತುಂಬ ಕಡಿಮೆ.

ಮೊದಲು ಲೈಟ್ ನೋಡಿ

ಪವರ್ ಬಟನ್ ಹತ್ತಿರದ ಸಣ್ಣ ಲೈಟ್ ಅರ್ಧ ಕಥೆ ಹೇಳುತ್ತದೆ. ಕೆಲವು ಸೆಕೆಂಡ್ ನೀಲಿ ಮಿನುಗಿ ಬಿಳಿಯಾಗಿ ನಿಂತರೆ ಕನ್ಸೋಲ್ ಶುರುವಾಗಿದೆ ಅಂತ ಅರ್ಥ. ಆಗಲೂ ಚಿತ್ರ ಇಲ್ಲದಿದ್ದರೆ ಎಚ್‌ಡಿಎಂಐ ಕಡೆ ನೋಡಿ. ಕಿತ್ತಳೆ ಬಣ್ಣ ಇದ್ದರೆ ರೆಸ್ಟ್ ಮೋಡ್, ಅಂದರೆ ಮಲಗಿದೆ. ಕೆಂಪು ಮಿನುಗಿದರೆ ವಿಪರೀತ ಬಿಸಿಯಾಗಿದೆ. ನೀಲಿ ಮಿನುಗುತ್ತಲೇ ಇದ್ದು ಆಫ್ ಆದರೆ ಹಾರ್ಡ್‌ಡಿಸ್ಕ್, ಪವರ್ ಸಪ್ಲೈ, ಎಚ್‌ಡಿಎಂಐ, ಬೋರ್ಡ್, ಇವುಗಳಲ್ಲಿ ಯಾವುದೂ ಕಾರಣ ಇರಬಹುದು. ನೀಲಿ ಲೈಟ್ ಅಂದರೆ ಸಾವು ಅಂತ ಎಲ್ಲ ಕಡೆ ಹೇಳುತ್ತಾರೆ. ಹಾಗೇನೂ ಇಲ್ಲ. ಹಾರ್ಡ್‌ಡಿಸ್ಕ್ ಬಿಚ್ಚಿ ಮತ್ತೆ ಸರಿಯಾಗಿ ಕೂರಿಸಿದ ಮೇಲೆ ಎದ್ದ ಕನ್ಸೋಲ್‌ಗಳನ್ನು ನಾನೇ ನೋಡಿದ್ದೇನೆ.

ಯಾವ ಲೈಟೂ ಇಲ್ಲ, ಬೀಪ್ ಕೂಡ ಇಲ್ಲ ಅಂದರೆ ಕರೆಂಟ್ ಒಳಗೆ ಹೋಗುತ್ತಿಲ್ಲ. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ. ಆಮೇಲೆ ಪವರ್ ಕೇಬಲ್ ಬದಲಿಸಿ ನೋಡಿ. ಪಿಎಸ್4ರ ಮೊದಲ ಮಾಡೆಲ್ಲಿಗೂ ಸ್ಲಿಮ್‌ಗೂ ಇರುವುದು ಎಂಟರ ಆಕಾರದ ಎರಡು ತೂತಿನ ಸಾದಾ ಕೇಬಲ್. ಹಳೇ ಟೇಪ್‌ರೆಕಾರ್ಡರಿಗೆ ಬರುತ್ತಿತ್ತಲ್ಲ, ಅದೇ. ಅಟ್ಟದಲ್ಲಿ ಹುಡುಕಿದರೆ ಒಂದು ಸಿಕ್ಕೇ ಸಿಗುತ್ತದೆ. ಇಲಿ ಕಡಿದ ಕೇಬಲ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಉದ್ದಕ್ಕೂ ಬೆರಳಾಡಿಸಿ ನೋಡಿ. ಅದಕ್ಕೂ ಮೊದಲು ಪ್ಲಗ್ ಕಿತ್ತುಬಿಡಿ.

ಇನ್ನೊಂದು ಸುಲಭದ ಉಪಾಯ ಇದೆ. ಪ್ಲಗ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಹತ್ತು ನಿಮಿಷ ಸುಮ್ನೆ ಬಿಡಿ. ಮತ್ತೆ ಹಾಕಿ. ಕರೆಂಟ್ ಕಣ್ಣಾಮುಚ್ಚಾಲೆ ಆಡಿದ ಮೇಲೆ ಏಳದ ಕನ್ಸೋಲ್ ಕೆಲವೊಮ್ಮೆ ಇಷ್ಟಕ್ಕೇ ಏಳುತ್ತದೆ.

ಚಿತ್ರ ಇಲ್ಲ ಅಂದರೆ

ಟಿವಿ ರಿಮೋಟಿನಲ್ಲಿ ಸರಿಯಾದ ಎಚ್‌ಡಿಎಂಐ ನಂಬರ್ ಆರಿಸಿದ್ದೀರಾ ನೋಡಿ. ಬೇರೆ ಪೋರ್ಟ್ ನೋಡಿ. ಬೇರೆ ಕೇಬಲ್ ನೋಡಿ. ಬೇರೆ ಟಿವಿ ನೋಡಿ, ಪಕ್ಕದ ಮನೆಯದಾದರೂ ಸರಿ. ಈ ಮೂರೂ ಬದಲಿಸದೆ ಯಾರೂ ಬೋರ್ಡ್ ಹೋಗಿದೆ ಅನ್ನಬಾರದು.

ಆಮೇಲೆ ಕನ್ಸೋಲ್ ಹಿಂದಿನ ಎಚ್‌ಡಿಎಂಐ ಪೋರ್ಟಿಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಒಳಗೆ 19 ಸಣ್ಣ ಪಿನ್‌ಗಳು ಎರಡು ಸಾಲಿನಲ್ಲಿ ನೇರವಾಗಿ ಕೂತಿರಬೇಕು. ಒಂದು ಒಳಕ್ಕೆ ತಳ್ಳಿಕೊಂಡಿದ್ದರೆ ಅಥವಾ ಪಕ್ಕದ್ದಕ್ಕೆ ತಾಗಿದ್ದರೆ ಗೊತ್ತಾಗುತ್ತದೆ. ಪೋರ್ಟ್ ಬದಲಿಸುವುದು ಬೆಸುಗೆ ಕೆಲಸ, ಮನೆಯಲ್ಲಿ ಬೇಡ. ಆದರೆ ಇದು ಮದರ್‌ಬೋರ್ಡ್ ಬದಲಿಸುವ ಖರ್ಚಲ್ಲ, ಒಂದು ಪೋರ್ಟಿನ ಖರ್ಚು. ಈ ವ್ಯತ್ಯಾಸ ಗೊತ್ತಿದ್ದು ಅಂಗಡಿಗೆ ಹೋದರೆ ಮಾತಾಡುವ ಧೈರ್ಯ ಬರುತ್ತದೆ.

ಪೋರ್ಟ್ ಚೆನ್ನಾಗಿದ್ದೂ ಚಿತ್ರ ಇಲ್ಲದಿದ್ದರೆ ರೆಸಲ್ಯೂಶನ್ (ಚಿತ್ರದ ಸೂಕ್ಷ್ಮತೆಯ ಅಳತೆ) ಟಿವಿಗೆ ಹೊಂದದೆ ಇರಬಹುದು. ದೊಡ್ಡ ಟಿವಿಯಿಂದ ಬಿಚ್ಚಿ ಹಳೇ ಸಣ್ಣ ಟಿವಿಗೆ ಹಾಕಿದಾಗ ಹೀಗಾಗುತ್ತದೆ. ಅದಕ್ಕೆ ಸೇಫ್ ಮೋಡ್ (ತೊಂದರೆ ಸರಿಪಡಿಸಲೆಂದೇ ಇರುವ ಸರಳ ಮೆನು) ಬೇಕು, ಮುಂದೆ ಹೇಳುತ್ತೇನೆ.

ಈಗ ನಮ್ಮ ಮಲೆನಾಡಿನ ಒಂದು ದೊಡ್ಡ ತೊಂದರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ. ಪ್ರತಿ ವರ್ಷ ಮೊದಲ ನಾಲ್ಕು ಗುಡುಗಿನ ನಂತರ ನನ್ನ ಟೇಬಲ್ ತುಂಬುತ್ತದೆ. ಎಲ್ಲರೂ ಹೇಳುವುದು ಒಂದೇ ಮಾತು: ನಾವು ಪ್ಲಗ್ ಕಿತ್ತಿದ್ದೆವು, ಆದರೂ ಹೋಯಿತು. ಅವರು ಸುಳ್ಳು ಹೇಳುತ್ತಿಲ್ಲ. ಸಿಡಿಲಿನ ಹೊಡೆತ ಕರೆಂಟ್ ವೈರಿನಲ್ಲೇ ಬರಬೇಕೆಂದಿಲ್ಲ. ಮಾಡಿನ ಮೇಲಿನ ಡಿಶ್‌ನಿಂದ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ ಬರುತ್ತದೆ. ಅಲ್ಲಿಂದ ಎಚ್‌ಡಿಎಂಐ ಕೇಬಲ್ ಟಿವಿಗೆ. ಟಿವಿಯಿಂದ ಇನ್ನೊಂದು ಎಚ್‌ಡಿಎಂಐ ಕನ್ಸೋಲಿಗೆ. ಹೊಡೆತ ಈ ದಾರಿ ಹಿಡಿದು ಬಂದು ಕನ್ಸೋಲಿನ ಎಚ್‌ಡಿಎಂಐ ಚಿಪ್ಪನ್ನು ಸುಡುತ್ತದೆ. ಪ್ಲಗ್ ಕಿತ್ತಿದ್ದರೂ ಈ ದಾರಿ ತೆರೆದೇ ಇರುತ್ತದೆ, ಅಲ್ವಾ? ಇಂಟರ್ನೆಟ್ ತರುವ ಲ್ಯಾನ್ ಕೇಬಲ್ ಕೂಡ ಹಾಗೆಯೇ. ಆದ್ದರಿಂದ ಗುಡುಗು ಶುರುವಾಗುವ ಮೊದಲೇ ಪ್ಲಗ್, ಎಚ್‌ಡಿಎಂಐ, ಲ್ಯಾನ್ ಮೂರನ್ನೂ ಕನ್ಸೋಲಿನ ಕಡೆಯಿಂದ ಬಿಚ್ಚಿಬಿಡಿ. ತಲೆಯ ಮೇಲೆಯೇ ಗುಡುಗುತ್ತಿರುವಾಗ ವೈರ್ ಮುಟ್ಟಲು ಹೋಗಬೇಡಿ.

ಎಚ್‌ಡಿಎಂಐ ಹಾಕುವಾಗ, ತೆಗೆಯುವಾಗ ಟಿವಿ ಮತ್ತು ಕನ್ಸೋಲ್ ಎರಡನ್ನೂ ಆಫ್ ಮಾಡಿ ಪ್ಲಗ್ ಕೀಳಿ. ಹಳೇ ಮನೆಗಳಲ್ಲಿ ಅರ್ತಿಂಗ್ ಸರಿ ಇರುವುದಿಲ್ಲ. ಟಿವಿಯ ಹಿಂದಿನ ಲೋಹ ಮುಟ್ಟಿದರೆ ಜುಮ್ ಅನ್ನುತ್ತದಲ್ಲ, ಅದು ಆ ಎಚ್‌ಡಿಎಂಐ ಚಿಪ್ಪಿಗೂ ಜುಮ್ ಅನ್ನಿಸುತ್ತದೆ.

ಬಿಸಿ, ಧೂಳು, ಜಿರಲೆ

ಆಟ ಶುರುವಾದ ಹತ್ತು ನಿಮಿಷಕ್ಕೆ ಫ್ಯಾನ್ ಅಕ್ಕಿ ಗಿರಣಿಯ ಹಾಗೆ ಕೂಗುತ್ತದೆ, ಆಮೇಲೆ ಬಿಸಿಯಾಗಿದೆ ಎಂಬ ಸಂದೇಶ ಬಂದು ಆಫ್ ಆಗುತ್ತದೆ. ನನ್ನಲ್ಲಿಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ.

ಮೊದಲು ಕನ್ಸೋಲ್ ಎಲ್ಲಿಟ್ಟಿದ್ದೀರಿ ನೋಡಿ. ಶೋಕೇಸಿನ ಗಾಜಿನ ಬಾಗಿಲ ಹಿಂದೆ ಇಡುತ್ತಾರೆ. ಧೂಳು ಬೀಳಬಾರದು ಅಂತ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸುತ್ತಾರೆ. ಪ್ರೀತಿಯಿಂದ ಮಾಡಿದ ಕೆಲಸ ಅದು, ಆದರೆ ಕನ್ಸೋಲ್ ಉಸಿರು ಕಟ್ಟುತ್ತದೆ. ಸ್ಲಿಮ್ ಪಕ್ಕಗಳಿಂದ ಗಾಳಿ ಎಳೆದು ಹಿಂದಿನಿಂದ ಬಿಸಿ ಗಾಳಿ ಬಿಡುತ್ತದೆ. ಹಿಂದೆ ಒಂದು ಗೇಣು, ಪಕ್ಕಗಳಲ್ಲಿ ಅರ್ಧ ಗೇಣು ಜಾಗ ಬಿಡಿ. ಬಟ್ಟೆ ಬೇಕಿದ್ದರೆ ಆಫ್ ಮಾಡಿ ತಣ್ಣಗಾದ ಮೇಲೆ ಹೊದಿಸಿ.

ದೇವರ ಕೋಣೆ ಪಕ್ಕದಲ್ಲೇ ಟಿವಿ ಇರುವ ಮನೆಗಳಲ್ಲಿ ಇನ್ನೊಂದು ಸಂಗತಿ ಗಮನಿಸಿದ್ದೇನೆ. ಅಗರಬತ್ತಿ, ದೀಪದ ಎಣ್ಣೆ ಹೊಗೆ ಒಳಗೆ ಹೋಗಿ ಧೂಳಿನ ಜೊತೆ ಸೇರಿದರೆ ಆ ಧೂಳು ಅಂಟಾಗುತ್ತದೆ. ಊದಿದರೆ ಹಾರುವುದಿಲ್ಲ. ಅಡುಗೆ ಮನೆಯ ಒಗ್ಗರಣೆ ಹೊಗೆಯೂ ಹೀಗೆಯೇ.

ಹೊರಗಿನಿಂದ ಸ್ವಚ್ಛ ಮಾಡುವುದು ಸುಲಭ. ಪ್ಲಗ್ ಕೀಳಿ. ಒಣಗಿದ ಮೆತ್ತನೆ ಪೇಂಟ್ ಬ್ರಷ್‌ನಿಂದ ಗಾಳಿ ಕಿಂಡಿಗಳನ್ನು ಗುಡಿಸಿ. ಸಣ್ಣ ಬ್ಲೋವರ್ ಇದ್ದರೆ ಒಂದು ಗೇಣು ದೂರದಿಂದ ಬಿಟ್ಟು ಬಿಟ್ಟು ಊದಿ. ಒಂದೇ ಸಮನೆ ಊದಿದರೆ ಫ್ಯಾನ್ ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು. ತಿಂಗಳಿಗೊಮ್ಮೆ ಐದು ನಿಮಿಷ ಸಾಕು.

ಪಂಕ್ಚರ್ ಅಂಗಡಿಗೆ ಮಾತ್ರ ಒಯ್ಯಬೇಡಿ. ತುಂಬ ಜನ ಟಯರಿಗೆ ಗಾಳಿ ಹೊಡೆಯುವ ಪೈಪಿನಿಂದ ಕನ್ಸೋಲ್ ಊದಿಸಿಕೊಂಡು ಬರುತ್ತಾರೆ. ಆ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ನಿಂತಿರುತ್ತದೆ, ಎಣ್ಣೆಯೂ ಸೇರಿರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕೇಳುವುದೇ ಬೇಡ. ಆ ನೀರಿನ ಹನಿ ನೇರವಾಗಿ ಬೋರ್ಡ್ ಮೇಲೆ ಬೀಳುತ್ತದೆ.

ಹೊರಗಿನಿಂದ ಊದಿದರೂ ಫ್ಯಾನ್ ಕೂಗು ಕಡಿಮೆಯಾಗದಿದ್ದರೆ ಒಳಗೆ ಧೂಳು ಗಟ್ಟಿಯಾಗಿದೆ ಅಂತ ಅರ್ಥ. ಬಿಚ್ಚಿದಾಗ ಹೇಗಿರುತ್ತದೆ ಹೇಳುತ್ತೇನೆ. ಫ್ಯಾನಿನಿಂದ ಗಾಳಿ ಹೋಗಿ ಹೀಟ್‌ಸಿಂಕ್ ಎಂಬ ಲೋಹದ ತೆಳು ರೆಕ್ಕೆಗಳ ಸಂದಿನಿಂದ ಹೊರಬೀಳಬೇಕು. ಆ ಸಂದಿಗಳ ಬಾಯಿಗೆ ಧೂಳು ಒಂದು ಬೂದು ಕಂಬಳಿಯ ತುಂಡಿನ ಹಾಗೆ ಕೂತಿರುತ್ತದೆ. ಚಿಮುಟದಿಂದ ಹಿಡಿದು ಎಳೆದರೆ ಇಡೀ ಪಟ್ಟಿ ಒಂದೇ ಸಲ ಎದ್ದು ಬರುತ್ತದೆ. ಕೆಳಗೆ ತಾಮ್ರ, ಅಲ್ಯೂಮಿನಿಯಂ ಹೊಸದರಂತೆ ಹೊಳೆಯುತ್ತಿರುತ್ತದೆ. ಇಷ್ಟು ಹೊತ್ತು ಗಾಳಿ ಹೋಗಲು ದಾರಿಯೇ ಇರಲಿಲ್ಲ ಅಂತ ಕಣ್ಣಾರೆ ಕಾಣುತ್ತದೆ. ಗಿರಾಕಿಗಳಿಗೆ ಇದನ್ನು ತೋರಿಸದೆ ನಾನು ಕಳಿಸುವುದಿಲ್ಲ.

ಬಿಚ್ಚುವ ಧೈರ್ಯ ಇದ್ದವರಿಗೆ ಎರಡು ಮಾತು. ನಡುವೆ ತೂತಿರುವ ನಕ್ಷತ್ರ ಬಾಯಿಯ ಟಿ8 ಸೆಕ್ಯುರಿಟಿ ಸ್ಕ್ರೂಡ್ರೈವರ್ ಬೇಕು. ಸಾದಾ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿ ಸ್ಕ್ರೂ ತಲೆ ಬೋಳಾಗಿಸಿಕೊಂಡು ಬಂದವರು ಬಹಳ. ನಿಮ್ಮ ಕನ್ಸೋಲಿನ ಹಿಂದೆ ಸಿಯುಎಚ್ ಅಂತ ಶುರುವಾಗುವ ಮಾಡೆಲ್ ನಂಬರ್ ಇರುತ್ತದೆ. ಅದೇ ನಂಬರಿನ ವಿಡಿಯೋವನ್ನು ಪೂರ್ತಿ ಒಮ್ಮೆ ನೋಡಿ ಆಮೇಲೆ ಕೈ ಹಾಕಿ. ಒಳಗಿನ ಜೋಡಣೆ ಮಾಡೆಲಿನಿಂದ ಮಾಡೆಲಿಗೆ ಬೇರೆ. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಇಟ್ಟು ಪಕ್ಕದಲ್ಲಿ ಬರೆದುಕೊಳ್ಳಿ. ಫ್ಯಾನ್ ಊದುವಾಗ ಬೆರಳಿನಿಂದ ಹಿಡಿದುಕೊಳ್ಳಿ.

ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ತೆರೆಯಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು. ಕನ್ಸೋಲ್ ಹೋದರೆ ಇನ್ನೊಂದು ಬರುತ್ತದೆ. ಇದನ್ನು ನಾನು ಮಕ್ಕಳಿಗೆ ಎರಡೆರಡು ಸಲ ಹೇಳುತ್ತೇನೆ.

ಆ ಡಬ್ಬಿಯಲ್ಲಿ ಇನ್ನೊಂದು ಜೀವಿ ವಾಸ ಮಾಡುತ್ತದೆ. ಜಿರಲೆ. ರೆಸ್ಟ್ ಮೋಡಿನಲ್ಲಿಟ್ಟ ಕನ್ಸೋಲಿನ ಪವರ್ ಸಪ್ಲೈ ರಾತ್ರಿಯಿಡೀ ಬೆಚ್ಚಗಿರುತ್ತದೆ, ಕತ್ತಲೆ ಬೇರೆ. ಮಳೆಗಾಲದ ಚಳಿಗೆ ಅವಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಅಲ್ಲೇ ಮೊಟ್ಟೆ ಇಡುತ್ತವೆ. ಒಮ್ಮೆ ಹೊಸನಗರದಿಂದ ಬಂದ ಕನ್ಸೋಲಿನಲ್ಲಿ ಎರಡು ಪಿನ್‌ಗಳ ನಡುವೆ ಒಂದು ಹಲ್ಲಿ ಮರಿ ಸುಟ್ಟು ಅಂಟಿಕೊಂಡಿತ್ತು. ಸಪ್ಲೈ ಬದಲಿಸಿದೆ, ಉಳಿದದ್ದೆಲ್ಲ ಚೆನ್ನಾಗಿತ್ತು. ಆದ್ದರಿಂದ ಕನ್ಸೋಲನ್ನು ನೆಲದ ಮೇಲೆ, ಗೋಡೆಯ ಮೂಲೆಗೆ ಒತ್ತಿ ಇಡಬೇಡಿ. ಅದರ ಹತ್ತಿರ ಚಕ್ಕುಲಿ, ಬಿಸ್ಕತ್ತು ತಿನ್ನಬೇಡಿ. ಜಿರಲೆ ಔಷಧಿ ಸ್ಪ್ರೇಯನ್ನು ಕಿಂಡಿಯೊಳಗೆ ಹೊಡೆಯಬೇಡಿ, ಅದು ಎಣ್ಣೆಯ ಹಾಗೆ ಬೋರ್ಡಿಗೆ ಅಂಟುತ್ತದೆ. ಜೆಲ್ ರೂಪದ ಔಷಧಿಯನ್ನು ಟಿವಿ ಸ್ಟ್ಯಾಂಡಿನ ಮೂಲೆಗಳಲ್ಲಿ ಹಚ್ಚಿದರೆ ಸಾಕು.

ಧೂಳು ತೆಗೆದರೂ ಬಿಸಿಯಾದರೆ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಅದು. ಹಳೆಯದು ಒಣ ಸುಣ್ಣದ ಹಾಗೆ ಪುಡಿಪುಡಿಯಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಚಿಪ್ಪಿನ ಮೇಲೆ ಹೊಸ ಪೇಸ್ಟ್ ತೆಳ್ಳಗೆ ಹಚ್ಚಬೇಕು. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಂತ ಇಲ್ಲ.

ಮಳೆಗಾಲ ಮತ್ತು ಕರೆಂಟ್

ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದು ತಪ್ಪು. ಒಳಗೆ ಸೇರಿದ ತೇವ ಒಳಗೇ ಉಳಿಯುತ್ತದೆ. ಅದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಅದರದೇ ಬಿಸಿಗೆ ಒಳಗೆಲ್ಲ ಒಣಗುತ್ತದೆ. ಪರೀಕ್ಷೆ ಇದೆ ಅಂತ ಎರಡು ತಿಂಗಳು ಎತ್ತಿಡುವುದಾದರೆ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತಂಪಾದ ಕೋಣೆಯಿಂದ ತಂದ ಕನ್ಸೋಲ್ ಮೇಲೆ ಬೆವರು ಕಂಡರೆ ಒಂದೆರಡು ಗಂಟೆ ಹಾಗೇ ಬಿಟ್ಟು ಆಮೇಲೆ ಆನ್ ಮಾಡಿ.

ಕರೆಂಟ್ ಹೋಗುವ ಊರಿನಲ್ಲಿ ರೆಸ್ಟ್ ಮೋಡ್ ಬೇಡ. ಪೂರ್ತಿ ಆಫ್ ಮಾಡಿ. ಹಾರ್ಡ್‌ಡಿಸ್ಕ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಸೇವ್ ಮಾಡಿದ ಆಟ ಹಾಳಾಗುತ್ತದೆ. ಅಪ್‌ಡೇಟ್ ಆಗುತ್ತಿರುವಾಗ ಹೋದರೆ ಇನ್ನೂ ಕಷ್ಟ. ಸ್ಲಿಮ್ ಎಳೆಯುವುದು ಹೆಚ್ಚೆಂದರೆ 165 ವ್ಯಾಟ್. ಕರೆಂಟ್ ಹೋದಾಗ ಬ್ಯಾಟರಿಯಿಂದ ಓಡಿಸಲು ಕಂಪ್ಯೂಟರಿಗೆ ಬಳಸುವ 600 ವಿಎ ಯುಪಿಎಸ್ ಒಂದಿದ್ದರೆ ಕನ್ಸೋಲ್ ಮತ್ತು ಸಣ್ಣ ಟಿವಿ ಎರಡನ್ನೂ ಆಫ್ ಮಾಡುವಷ್ಟು ಸಮಯ ಸಿಗುತ್ತದೆ. ಮನೆಯ ಇನ್ವರ್ಟರಿಗೆ ಹಾಕುವುದಾದರೆ ಲೈನಿನ ಕರೆಂಟಿನಂತೆಯೇ ನಯವಾಗಿ ಕೊಡುವ ಸೈನ್ ವೇವ್ ಇನ್ವರ್ಟರ್ ಒಳ್ಳೆಯದು. ಎಷ್ಟೋ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಎಂಬ ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಕರೆಂಟ್ ಹೋದ ಕ್ಷಣದಲ್ಲಿ ಕನ್ಸೋಲ್ ರೀಸ್ಟಾರ್ಟ್ ಆಗುವುದು ನಿಲ್ಲುತ್ತದೆ. ಎಷ್ಟೋ ಮನೆಯವರಿಗೆ ಆ ಸ್ವಿಚ್ ಇರುವುದೇ ಗೊತ್ತಿರುವುದಿಲ್ಲ.

ಹ್ಯಾಂಗ್ ಆಗುವುದು, ಸೇಫ್ ಮೋಡ್, ಹಾರ್ಡ್‌ಡಿಸ್ಕ್

ಆಟದ ನಡುವೆ ಸಿಇ-34878-0 ಎಂಬ ಎರರ್ ಬಂದು ಆಚೆ ಬಿದ್ದರೆ ಆ ಆಟ ಕ್ರ್ಯಾಶ್ ಆಗಿದೆ ಅಂತ. ಒಂದು ಆಟದಲ್ಲಿ ಮಾತ್ರ ಬಂದರೆ ಆ ಆಟ ಅಳಿಸಿ ಮತ್ತೆ ಹಾಕಿ. ಎಲ್ಲ ಆಟದಲ್ಲೂ ಬಂದರೆ, ಮೆನು ಕೂಡ ತಡವರಿಸಿದರೆ, ಸೇಫ್ ಮೋಡಿಗೆ ಹೋಗಿ.

ಕನ್ಸೋಲ್ ಪೂರ್ತಿ ಆಫ್ ಮಾಡಿ. ಪವರ್ ಬಟನ್ ಒತ್ತಿ ಹಿಡಿಯಿರಿ. ಮೊದಲ ಬೀಪ್ ಬರುತ್ತದೆ, ಬಿಡಬೇಡಿ. ಸುಮಾರು 7 ಸೆಕೆಂಡಿಗೆ ಎರಡನೇ ಬೀಪ್ ಬರುತ್ತದೆ, ಆಗ ಬಿಡಿ. ಕಂಟ್ರೋಲರನ್ನು ಕೇಬಲ್ ಹಾಕಿ ಜೋಡಿಸಿ ನಡುವಿನ ಪಿಎಸ್ ಬಟನ್ ಒತ್ತಿ. ಇಲ್ಲಿ ತುಂಬ ಜನ ಸಿಕ್ಕಿಬೀಳುತ್ತಾರೆ. ಚಾರ್ಜ್ ಮಾತ್ರ ಮಾಡುವ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ಹೋಗುವುದಿಲ್ಲ, ಕಂಟ್ರೋಲರ್ ಸಿಗುತ್ತಿಲ್ಲ ಅಂತಲೇ ಪರದೆ ಹೇಳುತ್ತಿರುತ್ತದೆ. ಮೊಬೈಲಿನ ಫೋಟೋ ಕಂಪ್ಯೂಟರಿಗೆ ಹಾಕಲು ಬಳಸುವಂಥ ಕೇಬಲ್ ಹುಡುಕಿ.

ಪಟ್ಟಿಯಲ್ಲಿ ಎರಡನೇದು ರೆಸಲ್ಯೂಶನ್ ಬದಲಿಸುವುದು, ಚಿತ್ರ ಬಾರದವರಿಗೆ. ಐದನೇದು ರೀಬಿಲ್ಡ್ ಡೇಟಾಬೇಸ್. ನನಗೆ ತುಂಬ ಇಷ್ಟದ್ದು ಇದು. ಆಟ, ಸೇವ್ ಯಾವುದೂ ಅಳಿಯುವುದಿಲ್ಲ, ಒಳಗಿನ ಪಟ್ಟಿಯನ್ನು ಮಾತ್ರ ಹೊಸದಾಗಿ ಜೋಡಿಸುತ್ತದೆ. ಕೆಲವೊಮ್ಮೆ ಹತ್ತು ನಿಮಿಷ, ಕೆಲವೊಮ್ಮೆ ಗಂಟೆಗಟ್ಟಲೆ. ನಡುವೆ ಕರೆಂಟ್ ಹೋಗದ ಹೊತ್ತು ನೋಡಿ ಶುರು ಮಾಡಿ. ಆರು ಮತ್ತು ಏಳನೇದು ಎಲ್ಲವನ್ನೂ ಅಳಿಸುತ್ತವೆ. ಅದಕ್ಕೆ ಮೊದಲು ಸೆಟ್ಟಿಂಗಿಗೆ ಹೋಗಿ ಸೇವ್ ಡೇಟಾವನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಮೂರು ವರ್ಷದ ಆಟ ಒಂದು ಬಟನ್ನಿಗೆ ಹೋದರೆ ಮಕ್ಕಳು ಅಳುವುದನ್ನು ನೋಡಲಾಗುವುದಿಲ್ಲ.

ರೀಬಿಲ್ಡ್ ಮಾಡಿದರೂ ಹ್ಯಾಂಗ್ ಆಗುತ್ತಿದ್ದರೆ, ಒಳಗಿನಿಂದ ಟಿಕ್ ಟಿಕ್ ಸದ್ದು ಬಂದರೆ, ಅಥವಾ ಸಿಇ-34335-8 ಬಂದರೆ ಹಾರ್ಡ್‌ಡಿಸ್ಕ್ ಮುಗಿದಿರಬಹುದು. ಹೆದರಬೇಡಿ, ಇದು ಮನೆಯಲ್ಲೇ ಆಗುವ ಕೆಲಸ. ಸ್ಲಿಮ್ ಹಿಂಭಾಗದ ಮೂಲೆಯಲ್ಲಿ ಒಂದು ಸಣ್ಣ ಮುಚ್ಚಳ ಇದೆ, ಎಳೆದರೆ ಬರುತ್ತದೆ. ಒಳಗೆ ಒಂದೇ ಸ್ಕ್ರೂ. ತ್ರಿಕೋನ, ವೃತ್ತ, ಕತ್ತರಿ, ಚೌಕದ ಗುರುತು ಅದರ ತಲೆಯ ಮೇಲೇ ಇರುತ್ತದೆ. ಅದನ್ನು ತೆಗೆದರೆ ಡಿಸ್ಕ್ ತಟ್ಟೆ ಸಮೇತ ಹೊರಬರುತ್ತದೆ. ಲ್ಯಾಪ್‌ಟಾಪಿಗೆ ಹಾಕುವ 2.5 ಇಂಚಿನ ಸಾಟಾ ಡಿಸ್ಕ್ ಯಾವುದಾದರೂ ಆಗುತ್ತದೆ, ದಪ್ಪ 9.5 ಮಿಲಿಮೀಟರ್ ಮೀರಬಾರದು. ನಾನಾದರೆ ಎಸ್‌ಎಸ್‌ಡಿ (ಒಳಗೆ ತಿರುಗುವ ಭಾಗವೇ ಇಲ್ಲದ ಡಿಸ್ಕ್) ಹಾಕುತ್ತೇನೆ. ಲೋಡಿಂಗ್ ಬೇಗ ಮುಗಿಯುತ್ತದೆ, ಕೈತಪ್ಪಿ ಬಿದ್ದರೂ ಬದುಕುತ್ತದೆ.

ಹೊಸ ಡಿಸ್ಕಿಗೆ ಸಾಫ್ಟ್‌ವೇರ್ ಬೇಕು. ಪ್ಲೇಸ್ಟೇಷನ್‌ನ ಅಧಿಕೃತ ತಾಣದಲ್ಲಿ ಎರಡು ಫೈಲ್ ಇರುತ್ತವೆ: ಒಂದು ಬರೀ ಅಪ್‌ಡೇಟಿಗೆ, ಇನ್ನೊಂದು ಪೂರ್ತಿ ರೀಇನ್‌ಸ್ಟಾಲ್‌ಗೆ. ಎರಡಕ್ಕೂ ಹೆಸರು ಒಂದೇ, ಗಾತ್ರ ಬೇರೆ. ನಿಮಗೆ ಬೇಕಾಗಿದ್ದು ದೊಡ್ಡದು, ಸುಮಾರು 1 ಜಿಬಿಯದು. ಪೆನ್‌ಡ್ರೈವನ್ನು ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿ. ಪಿಎಸ್4 ಎಂಬ ಫೋಲ್ಡರ್, ಅದರೊಳಗೆ ಅಪ್‌ಡೇಟ್ ಎಂಬ ಫೋಲ್ಡರ್, ಎರಡೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ. ಫೈಲ್ ಅದರೊಳಗೆ. ಎರಡು ಸಲ ಡೌನ್‌ಲೋಡ್ ಮಾಡಿ ಫೈಲಿನ ಹೆಸರಿನ ಕೊನೆಗೆ ಬ್ರಾಕೆಟ್‌ನಲ್ಲಿ 1 ಅಂತ ಸೇರಿಕೊಂಡಿದ್ದರೆ ಅದನ್ನು ಅಳಿಸಿ, ಇಲ್ಲದಿದ್ದರೆ ಕನ್ಸೋಲ್ ಫೈಲ್ ಸಿಗಲಿಲ್ಲ ಅನ್ನುತ್ತದೆ. ಆಮೇಲೆ ಸೇಫ್ ಮೋಡಿನಲ್ಲಿ ಏಳನೇದು.

ಕಂಟ್ರೋಲರ್

ನಮ್ಮ ಕಡೆ ಇದಕ್ಕೂ ರಿಮೋಟ್ ಅಂತಲೇ ಅನ್ನುತ್ತಾರೆ. ಜೋಡಿಯಾಗದಿದ್ದರೆ ಹಿಂದುಗಡೆ ಎಲ್2 ಬಟನ್ ಹತ್ತಿರ ಸೂಜಿ ಹೋಗುವಷ್ಟು ತೂತಿದೆ. ಕನ್ಸೋಲ್ ಆಫ್ ಮಾಡಿ, ಸಿಮ್ ತೆಗೆಯುವ ಪಿನ್ನಿನಿಂದ ಐದು ಸೆಕೆಂಡ್ ಒತ್ತಿ, ಕೇಬಲ್ ಹಾಕಿ ಮತ್ತೆ ಜೋಡಿಸಿ.

ಮುಟ್ಟದೆಯೇ ಆಟಗಾರ ಒಂದು ಕಡೆ ನಡೆದು ಹೋದರೆ ಅದು ಸ್ಟಿಕ್ ಡ್ರಿಫ್ಟ್, ಹೆಬ್ಬೆರಳಿನಿಂದ ಆಡಿಸುವ ಕಡ್ಡಿಯ ತೊಂದರೆ. ಸ್ಟಿಕ್ ಎಷ್ಟು ಬಾಗಿದೆ ಅಂತ ಅಳೆಯಲು ಅದರ ಕೆಳಗಿರುವ ಸಣ್ಣ ಪೊಟೆನ್ಶಿಯೋಮೀಟರ್ ಒಳಗೆ ಕಾರ್ಬನ್ ಪಟ್ಟಿ ಇರುತ್ತದೆ. ಅದರ ಮೇಲೆ ಧೂಳು ಕೂತರೆ ಅಥವಾ ಅದು ಸವೆದರೆ ಹೀಗಾಗುತ್ತದೆ. ಧೂಳಾಗಿದ್ದರೆ ಉಳಿಸಬಹುದು. ಕಂಟ್ರೋಲರ್ ಆಫ್ ಮಾಡಿ, ಸ್ಟಿಕ್ಕನ್ನು ಒಂದು ಕಡೆ ಬಾಗಿಸಿ, ಬುಡದ ಸಂದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಿಡಿ. ಶೇಕಡ 99ರದ್ದೇ ಆಗಬೇಕು. ಮೂವತ್ತು ನಲವತ್ತು ಸುತ್ತು ತಿರುಗಿಸಿ, ನಾಲ್ಕೂ ದಿಕ್ಕಿಗೆ ಬಾಗಿಸಿ. ಅರ್ಧ ಗಂಟೆ ಒಣಗಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಎಣ್ಣೆ ಬಿಟ್ಟ ದಿನ ಸ್ಟಿಕ್ ನುಣ್ಣಗೆ ತಿರುಗುತ್ತದೆ, ಎರಡು ವಾರಕ್ಕೆ ಧೂಳು ಸೇರಿ ಹಿಟ್ಟಿನಂತಾಗುತ್ತದೆ. ಎರಡು ಸಲ ಆಲ್ಕೋಹಾಲ್ ಹಾಕಿದರೂ ಸರಿಯಾಗದಿದ್ದರೆ ಪಟ್ಟಿ ಸವೆದಿದೆ. ಸ್ಟಿಕ್ಕಿನ ಇಡೀ ಭಾಗವನ್ನೇ ಬದಲಿಸಬೇಕು, ಅದಕ್ಕೆ ಬೆಸುಗೆ ಗೊತ್ತಿರುವವರು ಬೇಕು.

ಚಾರ್ಜ್ ಬೇಗ ಇಳಿದರೆ ಬ್ಯಾಟರಿ ಬದಲಿಸಿ. ಹಿಂದಿನ ನಾಲ್ಕು ಸ್ಕ್ರೂ ತೆಗೆದರೆ 1000 ಎಂಎಎಚ್ ಬ್ಯಾಟರಿ ಕಾಣುತ್ತದೆ. ಎರಡು ಭಾಗ ಬೇರೆ ಮಾಡುವಾಗ ರಭಸದಿಂದ ಎಳೆಯಬೇಡಿ, ನಡುವೆ ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್ ಇದೆ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ, ಒಲೆಗೆ ಎಸೆಯಬೇಡಿ.

ವೈಫೈ, ಡಿಸ್ಕ್

ಜಂಬಿಟ್ಟಿಗೆಯ ದಪ್ಪ ಗೋಡೆ ದಾಟಿ 5 ಗಿಗಾಹರ್ಟ್ಸ್ ವೈಫೈ ಬರುವುದಿಲ್ಲ. ರೂಟರ್ ಬೇರೆ ಕೋಣೆಯಲ್ಲಿದ್ದರೆ 2.4 ಆರಿಸಿ, ಆದರೆ ಲ್ಯಾನ್ ಕೇಬಲ್ ಎಳೆಯುವುದೇ ಒಳ್ಳೆಯದು. ಪಿಎಸ್4ರ ಮೊದಲ ಮಾಡೆಲ್ಲಿಗೆ 5 ಕಾಣಿಸುವುದೇ ಇಲ್ಲ, ಅದು ಕೆಟ್ಟಿದೆ ಅಂತ ಅಲ್ಲ.

ಆಟದ ಡಿಸ್ಕ್ ಓದದಿದ್ದರೆ ಮೊದಲು ಡಿಸ್ಕನ್ನೇ ನೋಡಿ. ಮಳೆಗಾಲದಲ್ಲಿ ಬೂಸ್ಟು ಹಿಡಿದಿರುತ್ತದೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಅಲ್ಲ. ಯಾವ ಡಿಸ್ಕನ್ನೂ ಓದದಿದ್ದರೆ ಅದನ್ನು ಓದುವ ಡ್ರೈವ್‌ನ ತೊಂದರೆ. ಅಂಗಡಿಗೆ ಕೊಡುವಾಗ ಒಂದು ವಿಷಯ ನೆನಪಿರಲಿ. ಡ್ರೈವಿನ ಬೋರ್ಡು ನಿಮ್ಮ ಮದರ್‌ಬೋರ್ಡಿನ ಜೊತೆ ಜೋಡಿಯಾಗಿರುತ್ತದೆ. ಬೇರೆ ಕನ್ಸೋಲಿನದು ತಂದು ಹಾಕಿದರೆ ಆಟದ ಡಿಸ್ಕ್ ಓದುವುದಿಲ್ಲ. ಹಳೆಯ ಭಾಗ ಯಾವುದೇ ಇರಲಿ, ವಾಪಸ್ ಕೇಳಿ ಇಸಿದುಕೊಳ್ಳಿ.

ಪಿಎಸ್5 ಇರುವವರಿಗೆ ಒಂದು ಎಚ್ಚರಿಕೆ. ಪಕ್ಕದ ಬಿಳಿ ತಟ್ಟೆಗಳನ್ನು ತೆಗೆದು ಧೂಳು ಹಿಡಿಯುವ ತೂತುಗಳನ್ನು ಸ್ವಚ್ಛ ಮಾಡಿ, ಅದನ್ನು ನೀವೇ ಮಾಡಲೆಂದೇ ಹಾಗೆ ಕಟ್ಟಿದ್ದಾರೆ. ಅಲ್ಲಿಗೆ ನಿಲ್ಲಿಸಿ. ಅದರ ಚಿಪ್ಪಿನ ಮೇಲೆ ಪೇಸ್ಟ್ ಇಲ್ಲ, ದ್ರವ ಲೋಹ ಇದೆ. ಹೀಟ್‌ಸಿಂಕ್ ಎತ್ತಿದರೆ ಅದು ಹರಿದು ಬೋರ್ಡ್ ಮೇಲೆ ಶಾರ್ಟ್ ಆಗುತ್ತದೆ.

ಸೊರಬದ ಹುಡುಗನ ಕನ್ಸೋಲನ್ನು ಬಂದದ್ದು ಬಂತು ಅಂತ ಬಿಚ್ಚಿ ಧೂಳು ತೆಗೆದು, ಪೇಸ್ಟ್ ಹಚ್ಚಿ ಕೊಟ್ಟೆ. ಮುಚ್ಚುವ ಮೊದಲು ಒಂದು ತುಂಡು ಬಿಳಿ ಟೇಪ್ ಅಡಿಭಾಗಕ್ಕೆ ಅಂಟಿಸಿ ತಾರೀಕು ಬರೆದೆ. ನೀವೂ ಹಾಗೆ ಬರೆಯಿರಿ. ವರ್ಷ ದಾಟಿದಾಗ, ಫ್ಯಾನ್ ಸದ್ದು ಜಾಸ್ತಿಯಾಗುವ ಮೊದಲೇ, ಅದನ್ನು ಮಗುಚಿ ಆ ತಾರೀಕು ನೋಡಿ.